ನಿಜಘಟನೆ ಆಧಾರಿತ ಬೀಗರು

ಸಿನಿಮಾ ನೋಡುವವರಲ್ಲಿ ಹಲವು ಜಾತಿ. ಹಾಡು ಬಂದ ಕೂಡಲೇ ಎದ್ದು ಹೋಗುವವರು, ಮುಂದೇನಾಗುತ್ತದೆಂದು ಪಕ್ಕದವರಿಗೆ ಮೊದಲೇ ಹೇಳಿಬಿಡುವವರು, ನಾಯಕಿಯ ಸೀರೆಗೆ ಅಂಗಡಿ ಸಮೇತ ಬೆಲೆ ಕಟ್ಟುವವರು. ಇವರನ್ನೆಲ್ಲ ಹೇಗೋ ಸಹಿಸಬಹುದು. ಸಹಿಸಲಾಗದ ಜಾತಿ ಇನ್ನೊಂದಿದೆ. ಪರದೆಯ ಮೇಲೆ ‘ನಿಜಘಟನೆ ಆಧಾರಿತ’ ಎಂದು ಮೂಡಿದ್ದೇ ತಡ, ಇವರು ಬೆನ್ನು ನೆಟ್ಟಗೆ ಮಾಡಿ, ಕನ್ನಡಕ ಒರೆಸಿಕೊಂಡು, ಮೊಬೈಲ್ ಕೈಗೆತ್ತಿಕೊಳ್ಳುತ್ತಾರೆ. ಕಟ್ಟುಕಥೆಯಾದರೆ ಹತ್ತೇ ನಿಮಿಷಕ್ಕೆ ಗೊರಕೆ. ನಿಜ ಅಂದಿರೋ, ಬಂತು ವಿಚಾರಣೆ: ಎಷ್ಟು ನಿಜ, ಯಾವ ಇಸವಿಯಿಂದ ನಿಜ, ಪುರಾವೆ ಎಲ್ಲಿ?

ಈ ಜಾತಿಯ ಒಬ್ಬರು ನನಗೆ ಬೀಗರಾಗಿದ್ದಾರೆ. ಗೆಳೆಯನಾಗಿದ್ದರೆ ಜಗಳವಾಡಬಹುದಿತ್ತು, ತಮ್ಮನಾಗಿದ್ದರೆ ಗದರಬಹುದಿತ್ತು. ಬೀಗರನ್ನು ಏನು ಮಾಡಲಾದೀತು? ಮಗಳ ಸಂಸಾರ ಅವರ ಮನೆಯಲ್ಲಿದೆ.

ಅವರು ಲೆಕ್ಕಪರಿಶೋಧನೆಯಲ್ಲೇ ಆಯುಷ್ಯ ಸವೆಸಿ ನಿವೃತ್ತರಾದವರು. ಮಗಳು, ಅಳಿಯ ಟೆಕ್ಸಾಸಿನಲ್ಲಿ, ಡಲ್ಲಾಸಿನ ಹೊರವಲಯದಲ್ಲಿದ್ದಾರೆ. ಬಾಣಂತನಕ್ಕೆಂದು ನಾವು ಹೋದೆವು, ಮೊಮ್ಮಗನನ್ನು ಎತ್ತಿಕೊಳ್ಳಲೆಂದು ಅವರೂ ಬಂದರು. ಹೊರಗೆ ಚಳಿ, ಒಳಗೆ ಒಂದೇ ಸೋಫಾ, ಒಂದೇ ಟಿವಿ. ರಿಮೋಟ್ ಅವರ ಕೈಯಲ್ಲಿ. ಅಂಗಡಿಯ ರಸೀದಿಯನ್ನು ಸಾಲು ಸಾಲಾಗಿ ಟಿಕ್ ಹಾಕಿ ನೋಡುವುದು, ಹಾಲಿನ ಕ್ಯಾನಿನ ಮೇಲಿನ ಸಣ್ಣ ಅಕ್ಷರ ಓದಿ ಹೇಳುವುದು, ಮಳೆಯಿಲ್ಲದಿದ್ದರೂ ಛತ್ರಿ ಹಿಡಿದು ವಾಕಿಂಗ್ ಹೋಗುವುದು, ಇವೆಲ್ಲ ಇದ್ದೇ ಇದ್ದವು. ಅವುಗಳ ಮಾತು ಬೇಡ. ಮೊಮ್ಮಗನ ಲಂಗೋಟಿಯನ್ನು ನನಗಿಂತ ಚೆನ್ನಾಗಿ ಬದಲಾಯಿಸುತ್ತಿದ್ದರು ಎಂಬುದನ್ನೂ ಒಪ್ಪಿಕೊಳ್ಳುತ್ತೇನೆ.

ಆ ಸೀಮೆಯಲ್ಲಿ ಶುಕ್ರವಾರ ರಾತ್ರಿಯೆಂದರೆ ಹೈಸ್ಕೂಲ್ ಫುಟ್‌ಬಾಲ್. ಕೈಯಲ್ಲಿ ಹಿಡಿದು ಓಡುವ ಅವರ ಫುಟ್‌ಬಾಲು. ಹತ್ತಿರದ ಅಲೆನ್ ಎಂಬ ಊರಿನಲ್ಲಿ ಹೈಸ್ಕೂಲ್ ಹುಡುಗರ ಆಟಕ್ಕೆಂದು 60 ಮಿಲಿಯನ್ ಡಾಲರ್ ಸುರಿದು 18,000 ಜನ ಕೂರುವ ಕ್ರೀಡಾಂಗಣ ಕಟ್ಟಿದ್ದಾರೆ. ಅಳಿಯ ಕರೆದೊಯ್ದು ತೋರಿಸಿದ. ನಾನು ಬಾಯಿ ಬಿಟ್ಟುಕೊಂಡು ನೋಡುತ್ತಿದ್ದೆ. ಬೀಗರು ಮೊಬೈಲ್ ನೋಡುತ್ತಿದ್ದರು. "2012ರಲ್ಲಿ ಉದ್ಘಾಟನೆ, 2014ರಲ್ಲಿ ಕಾಂಕ್ರೀಟ್ ಬಿರುಕು ಅಂತ ಬೀಗ, 2015ರಲ್ಲಿ ರಿಪೇರಿ ಮಾಡಿ ಮತ್ತೆ ಉದ್ಘಾಟನೆ" ಎಂದು ಓದಿ ಹೇಳುವಾಗ ಅವರ ಮುಖದಲ್ಲಿದ್ದ ಕಾಂತಿಯನ್ನು ನಾನು ಮೊಮ್ಮಗನ ನಾಮಕರಣದಲ್ಲೂ ಕಂಡಿರಲಿಲ್ಲ. ಅಮೆರಿಕ ಅವರಿಗೆ ಆತ್ಮೀಯವಾದದ್ದು ಅಂದಿನಿಂದ.

ಆಮೇಲೆ ರಾತ್ರಿಗಳಲ್ಲಿ ಹೈಸ್ಕೂಲ್ ಆಟದ ಸಿನಿಮಾಗಳು ಶುರುವಾದವು. ಪುಟ್ಟ ಊರಿನ ಶಾಲೆಯೊಂದು ಇಡೀ ರಾಜ್ಯವನ್ನು ಬ್ಯಾಸ್ಕೆಟ್‌ಬಾಲಿನಲ್ಲಿ ಸೋಲಿಸುವ 1986ರ ‘ಹೂಸಿಯರ್ಸ್’ ನೋಡಿ ನಾನು ಮೂಗು ಒರೆಸಿಕೊಳ್ಳುತ್ತಿದ್ದರೆ, ಇಂಡಿಯಾನಾದ ಮೈಲನ್ ಎಂಬ ಆ ಅಸಲಿ ಶಾಲೆ 1954ರಲ್ಲಿ ಗೆಲ್ಲುವ ಹಿಂದಿನ ವರ್ಷವೇ ಸೆಮಿಫೈನಲ್ ತಲುಪಿತ್ತೆಂದೂ, ಅದು ಆಕಾಶದಿಂದ ಉದುರಿದ ಗೆಲುವಲ್ಲವೆಂದೂ ಬೀಗರು ಟಿಪ್ಪಣಿ ಇಟ್ಟರು. ಕರಿಯರೂ ಬಿಳಿಯರೂ ಒಂದೇ ತಂಡವಾಗಿ ಆಡಿದ 1971ರ ಕಥೆ ಹೇಳುವ ‘ರಿಮೆಂಬರ್ ದಿ ಟೈಟನ್ಸ್’ನಲ್ಲಿ ಫೈನಲ್ ಕೊನೆಯ ಗಳಿಗೆಯವರೆಗೂ ತೂಗುಯ್ಯಾಲೆ. "ನಿಜಕ್ಕೂ 27–0 ಅಂತೆ! ಇದರಲ್ಲಿ ಎದೆ ಹೊಡ್ಕೊಳ್ಳೋದು ಏನಿದೆ ಬೀಗರೇ?" ಅಂದರು. ತಂಡದ ನಾಯಕನಿಗೆ ಕಾರು ಅಪಘಾತವಾದದ್ದು ಫೈನಲ್ ಮುಗಿದ ಮೇಲಂತೆ, ಸಿನಿಮಾದವರು ಹಿಂದಕ್ಕೆ ಎಳೆದಿದ್ದಾರಂತೆ. ನಾನು ಆಗಲೇ ಅತ್ತಾಗಿತ್ತು. ದಿನಾಂಕ ತಪ್ಪಿದೆಯೆಂದು ಕಣ್ಣೀರು ವಾಪಸ್ಸು ಪಡೆಯಲು ಬರುತ್ತದೆಯೇ?

ಆದರೆ ಅವರು ಪೂರ್ತಿ ಅರಳಿದ್ದು ‘ದಿ ಬ್ಲೈಂಡ್ ಸೈಡ್’ ನೋಡಿದ ರಾತ್ರಿ. ಥ್ಯಾಂಕ್ಸ್‌ಗಿವಿಂಗ್ ರಜೆ, ಮನೆಮಂದಿಯೆಲ್ಲ ಸೇರಿದ್ದೆವು, ತೊಡೆಯ ಮೇಲೆ ಬಿಸಿಬೇಳೆಭಾತ್. ಕಥೆ ಗೊತ್ತಿಲ್ಲದವರಿಗೆ ಎರಡು ಮಾತು. ಮೆಂಫಿಸ್ ನಗರದಲ್ಲಿ ನೆಲೆಯಿಲ್ಲದೆ ಅಲೆಯುತ್ತಿದ್ದ ಮೈಕೆಲ್ ಓಹರ್ ಎಂಬ ಕರಿಯ ಹುಡುಗನನ್ನು ಶ್ರೀಮಂತ ಬಿಳಿಯ ಕುಟುಂಬವೊಂದು ಮನೆಗೆ ಕರೆತರುತ್ತದೆ. ಹುಡುಗ ಶಾಲೆಯ ತಂಡ ಸೇರಿ, ಕಾಲೇಜು ಸೇರಿ, 2009ರಲ್ಲಿ ಬಾಲ್ಟಿಮೋರ್ ರೇವನ್ಸ್ ತಂಡಕ್ಕೆ ಆಯ್ಕೆಯಾಗುತ್ತಾನೆ. ಅದೇ ವರ್ಷ ಬಂದ ಚಿತ್ರ 300 ಮಿಲಿಯನ್ ಡಾಲರಿಗೂ ಮಿಕ್ಕಿ ಗಳಿಸಿತು. ತಾಯಿಯ ಪಾತ್ರಕ್ಕೆ ಸಾಂಡ್ರಾ ಬುಲಕ್‌ಗೆ ಆಸ್ಕರ್ ಬಂತು. ಅದರ ಹಿಂದಿನ ದಿನವೇ, ಬೇರೊಂದು ಚಿತ್ರಕ್ಕೆ, ವರ್ಷದ ಅತಿ ಕೆಟ್ಟ ನಟಿಯೆಂಬ ರ‍್ಯಾಜಿ ಬಹುಮಾನವನ್ನು ಆಕೆ ಖುದ್ದಾಗಿ ಹೋಗಿ ಸ್ವೀಕರಿಸಿದ್ದರು. "ಜಮಾ ಖರ್ಚು ಟ್ಯಾಲಿ ಆಯ್ತು" ಎಂದು ಬೀಗರು ಆಕೆಯನ್ನು ಮೆಚ್ಚಿಕೊಂಡರು.

ಅಭಿಪ್ರಾಯಗಳಿಗೇನೂ ಬರವಿರಲಿಲ್ಲ. ಹಬ್ಬದ ದಿನವೂ ಆ ತಾಯಿ ಅಡುಗೆ ಮಾಡದೆ ಅಂಗಡಿಯಿಂದ ತಂದಳೆಂಬುದು ಬೀಗಿತ್ತಿಯವರ ಆಕ್ಷೇಪ. ಬಿಳಿಯಳು ಬಂದು ಉದ್ಧಾರ ಮಾಡಿದಳು ಎಂಬ ಹಳೇ ರಾಗ ಇದು, ಆ ಹುಡುಗನ ಬಾಯಲ್ಲಿ ನಾಲ್ಕು ಮಾತೂ ಇಲ್ಲ ಎಂದು ಮಗಳು. ಅಮೆರಿಕದ ವಿಮರ್ಶಕರೂ ಅದನ್ನೇ ಹೇಳಿದ್ದರು, ಮತ್ತು ಮಾತು ಸರಿಯಾಗಿಯೇ ಇದೆ. ತನಗೆಂದು ಒಂದು ಮಂಚವೇ ಇರಲಿಲ್ಲವೆಂದು ಹುಡುಗ ಹೇಳುವಲ್ಲಿ ನನ್ನ ಹೆಂಡತಿ ಸೆರಗಿಗೆ ಕೈ ಹಾಕಿದಳು. ನನಗೆ ಅಭಿಪ್ರಾಯವೇನೂ ಇರಲಿಲ್ಲ, ಅಳು ಬಂದಿತ್ತು. ಅಳು ಬಂದವನನ್ನು ಯಾರೂ ಅಭಿಪ್ರಾಯ ಕೇಳುವುದಿಲ್ಲ.

ಸರಿಯಾಗಿ ಅಲ್ಲಿಗೇ ಬೀಗರು ರಿಮೋಟ್ ಒತ್ತಿ ಚಿತ್ರ ನಿಲ್ಲಿಸಿದರು. "ಇದು ಯಾವ ಇಸವಿ?"

ಆ ಮನೆಯ ಪುಟ್ಟ ಹುಡುಗ ಊಟದ ಮೇಜಿನ ಬಾಟಲಿಗಳನ್ನು ಜೋಡಿಸಿ ಓಹರ್‌ಗೆ ಆಟ ಕಲಿಸುವ ದೃಶ್ಯವೊಂದಿದೆ. ಅಲ್ಲಿ ಮತ್ತೆ ಚಿತ್ರ ನಿಂತಿತು. ಬೀಗರು ಅಡುಗೆಮನೆಗೆ ಹೋಗಿ ತುಪ್ಪದ ಜಾಡಿ, ಮಾವಿನ ಉಪ್ಪಿನಕಾಯಿ ಬಾಟಲಿ, ಚಟ್ನಿಪುಡಿ ಡಬ್ಬಿಗಳನ್ನು ತಂದು ಟೀಪಾಯಿಯ ಮೇಲೆ ವ್ಯೂಹ ರಚಿಸಿದರು. ತುಪ್ಪ ಎಂದರೆ ಕ್ವಾರ್ಟರ್‌ಬ್ಯಾಕ್, ಚೆಂಡು ಎಸೆಯುವವನು, ತಂಡದಲ್ಲಿ ತುಂಬ ಬೆಲೆಯುಳ್ಳವನು. ಬಲಗೈಯಲ್ಲಿ ಎಸೆಯಲು ತಿರುಗಿ ನಿಂತರೆ ಎಡಗಡೆಯಿಂದ ಬರುವವನು ಅವನಿಗೆ ಕಾಣುವುದಿಲ್ಲ. ಚಟ್ನಿಪುಡಿ ಆ ಕಡೆಯಿಂದಲೇ ನುಗ್ಗುತ್ತದೆ. 1985ರಲ್ಲಿ ಜೋ ಥೈಸ್‌ಮನ್ ಎಂಬ ತುಪ್ಪದ ಕಾಲು ಹಾಗೆಯೇ ಮುರಿಯಿತು, ಚಿತ್ರ ಶುರುವಾಗುವುದೇ ಅದರಿಂದ. ಆ ಕುರುಡು ಬದಿಯನ್ನು ಕಾಯುವ ಉಪ್ಪಿನಕಾಯಿಯೇ ಲೆಫ್ಟ್ ಟ್ಯಾಕಲ್, ಅಂದರೆ ನಮ್ಮ ಓಹರ್. ನಿಜ ಹೇಳುತ್ತೇನೆ, ಅಳಿಯ ವರ್ಷಗಟ್ಟಲೆ ಹೇಳಿಕೊಟ್ಟರೂ ತಲೆಗೆ ಹೋಗದ ಆಟ ಅಂದು ನನಗೆ ಅರ್ಥವಾಯಿತು. ಕೃತಜ್ಞತೆಯಿಂದ ಬೀಗರ ಕಡೆ ನೋಡಿದೆ.

"ಆದ್ರೆ ಇದೆಲ್ಲ ಸುಳ್ಳು" ಎಂದರು ಅವರು. "ಆ ಓಹರೇ 2011ರಲ್ಲಿ ಪುಸ್ತಕ ಬರೆದಿದಾನೆ. ಆಟ ಅವನಿಗೆ ಮೊದಲೇ ಗೊತ್ತಿತ್ತು. ಸಿನಿಮಾದಲ್ಲಿ ನನ್ನನ್ನ ಪೆದ್ದನ ಥರ ತೋರಿಸಿದಾರೆ ಅಂತ ಬೇಜಾರು ಮಾಡ್ಕೊಂಡಿದಾನೆ."

"ಮತ್ತೆ ಈ ಬಾಟಲಿಗಳನ್ನೆಲ್ಲ ಯಾಕೆ ತಂದಿರಿ ಬೀಗರೇ?"

"ಅವರು ಏನು ಸುಳ್ಳು ತೋರಿಸಿದಾರೆ ಅಂತ ನಿಮಗೆ ಸರಿಯಾಗಿ ಗೊತ್ತಾಗ್ಬೇಡ್ವೇ?"

ಭಾತ್ ಆರಿ ಹೋಗಿತ್ತು. ಟಿವಿ ಮುಂದೆ ಕೂತು ತಿನ್ನುತ್ತಿದ್ದ ಆ ಕುಟುಂಬದ ತಾಯಿ ಟಿವಿ ಆರಿಸಿ ಎಲ್ಲರನ್ನೂ ಊಟದ ಮೇಜಿಗೆ ಎಬ್ಬಿಸುವ ದೃಶ್ಯವನ್ನು ನಾವು ಟಿವಿ ಮುಂದೆ ಕೂತು ತಿನ್ನುತ್ತಲೇ ಮೆಚ್ಚಿಕೊಂಡೆವು. ಗಂಡ ಹೆಂಡತಿ ಹುಡುಗನಿಗೆ ಕಾನೂನುಬದ್ಧ ಪೋಷಕರಾಗುತ್ತೇವೆ ಎಂದಾಗ ಬೀಗರದು ಇನ್ನೊಂದು ತಗಾದೆ. "ಕೋರ್ಟ್ ಆರ್ಡರ್ ಎಲ್ಲಿ? ಏನು ಬರೆದಿದೆ ಅಂತ ತೋರಿಸ್ಬೇಕಲ್ಲ?" ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ.

ಪಂದ್ಯ ಶುರುವಾಯಿತು. ಗ್ಯಾಲರಿಯಲ್ಲಿ ಮನೆಯವರೆಲ್ಲ ಕೂತು ಕೂಗುತ್ತಿದ್ದಾರೆ. ಅಳಿಯ ಪರದೆಯಿಂದ ಕಣ್ಣು ಕೀಳದೆ, "ನಮ್ಮಪ್ಪ ಒಂದು ಮ್ಯಾಚಿಗೂ ಬರಲಿಲ್ಲ" ಎಂದ. ಶಿವಮೊಗ್ಗದಲ್ಲಿ ಅವನು ಖೋ-ಖೋ ಆಡುತ್ತಿದ್ದನಂತೆ. ಎಸ್ಸೆಸ್ಸೆಲ್ಸಿ ಬಂದಾಗ ಅಪ್ಪನ ಆಜ್ಞೆ: ಆಟ ಬಂದ್. ಆ ವರ್ಷ ನಮ್ಮ ಕಡೆ ಪಿ.ಟಿ. ಪೀರಿಯಡ್ ಕೂಡ ಗಣಿತದ ಮೇಷ್ಟ್ರ ಪಾಲಾಗುತ್ತದೆ, ಅದರಲ್ಲಿ ಹೊಸದೇನಿಲ್ಲ.

ಬೀಗರು ರಿಮೋಟ್ ಒತ್ತಿದರು. "ಬಂದಿದ್ದೆ."

"ಯಾವಾಗ?"

"ಜಿಲ್ಲಾ ಫೈನಲ್ಲಿಗೆ. ಕಾಂಪೌಂಡ್ ಆಚೆ ಸೈಕಲ್ ಹಿಡ್ಕೊಂಡು ನಿಂತಿದ್ದೆ. ಆಡಬೇಡ ಅಂದೋನು ಒಳಗೆ ಬರಕ್ಕಾಗುತ್ತಾ? ಪೋಲ್ ಹತ್ರ ಡೈವ್ ಹೊಡೆದು ಮೊಣಕೈ ಕಿತ್ಕೊಂಡೆ. ಒಂದು ಪಾಯಿಂಟಲ್ಲಿ ಗೆದ್ರಿ."

"ಎರಡು ಪಾಯಿಂಟು."

"ಒಂದು."

ಮಗಳು ನಗುತ್ತ, "ಮಾವ, ಬಂದಿದ್ದಕ್ಕೆ ಪುರಾವೆ?" ಎಂದಳು. ಅಂಥ ಅವಕಾಶ ಸಿಕ್ಕಿದರೆ ನಾನೂ ಬಿಡುತ್ತಿರಲಿಲ್ಲ.

ಬೀಗರು ಸ್ವಲ್ಪ ಹೊತ್ತು ಸುಮ್ಮನಿದ್ದು ಮಗನಿಗೆ ಹೇಳಿದರು: "ಆವತ್ತು ರಾತ್ರಿ ಟಿಂಚರ್ ಹಚ್ಚಿದ್ದು ನಾನು. ಗಾಯ ಹೇಗಾಯ್ತು ಅಂತ ಕೇಳಿದ್ನಾ?"

ಅಳಿಯ ನೆನಪು ಮಾಡಿಕೊಂಡ. "ಇಲ್ಲ" ಎಂದ. ಹಾಲಿನ ಲೆಕ್ಕದಲ್ಲಿ ಎಂಟಾಣೆ ಹೆಚ್ಚುಕಡಿಮೆಯಾದರೂ ವಿಚಾರಣೆ ನಡೆಸುವ ಮನುಷ್ಯ, ಮಗ ಮೊಣಕೈ ಕಿತ್ತುಕೊಂಡು ಬಂದ ದಿನ ಒಂದು ಪ್ರಶ್ನೆಯನ್ನೂ ಕೇಳಿರಲಿಲ್ಲ. ಮಗಳು ಮತ್ತೆ ಪುರಾವೆಯ ಮಾತೆತ್ತಲಿಲ್ಲ. ಚಿತ್ರದ ಕೊನೆಯಲ್ಲಿ ಅಸಲಿ ಕುಟುಂಬದ ಫೋಟೊಗಳು ಬಂದಾಗ ಬೀಗರು ಎದ್ದು ಟಿವಿಯ ಹತ್ತಿರ ಹೋಗಿ ನಿಂತರು. ಮುಖಗಳನ್ನು ತಾಳೆ ನೋಡಲು ಎಂದರು. ನಮಗೆ ಬೆನ್ನು ಹಾಕಿ ನಿಂತಿದ್ದರಿಂದ ಅವರ ಮುಖ ನಮಗೆ ಕಾಣಲಿಲ್ಲ.

ಇಲ್ಲಿಗೆ ನಿಲ್ಲಿಸಿದ್ದರೆ ಬೀಗರ ಬಗ್ಗೆ ಒಳ್ಳೆಯ ಮಾತೇ ಉಳಿಯುತ್ತಿತ್ತು. 2023ರ ಆಗಸ್ಟಿನಲ್ಲಿ, ಮೈಸೂರಿನಲ್ಲಿ ಇನ್ನೂ ಹಾಲು ಬಂದಿರದ ಹೊತ್ತಿಗೆ, ಫೋನ್ ಬಂತು. "ಬೀಗರೇ, ನಾನು ಹೇಳಿರಲಿಲ್ವಾ? ಕೋರ್ಟ್ ಆರ್ಡರ್!" ತನ್ನನ್ನು ದತ್ತು ತೆಗೆದುಕೊಂಡೇ ಇರಲಿಲ್ಲ, 18 ತುಂಬಿದ ಮೇಲೆ 2004ರಲ್ಲಿ ತನ್ನ ವ್ಯವಹಾರಗಳ ಮೇಲೆ ಅಧಿಕಾರ ಕೊಡುವ ಪಾಲಕತ್ವದ ಕಾಗದಕ್ಕೆ ಸಹಿ ಹಾಕಿಸಿಕೊಂಡಿದ್ದರು ಎಂದು ಓಹರ್ ಟೆನೆಸ್ಸಿಯ ನ್ಯಾಯಾಲಯಕ್ಕೆ ಹೋಗಿದ್ದರು. ಕುಟುಂಬದವರು ಮೋಸದ ಆರೋಪವನ್ನು ಅಲ್ಲಗಳೆದರು, ಸಿನಿಮಾದಿಂದ ಬಂದದ್ದನ್ನು ಸಮನಾಗಿ ಹಂಚಿಕೊಂಡಿದ್ದೇವೆ ಎಂದರು. ಅದನ್ನೂ ಬೀಗರೇ ಓದಿ ಹೇಳಿದರು, ಎರಡೂ ಕಡೆಯ ಹೇಳಿಕೆ ಕಡತದಲ್ಲಿರಬೇಕಂತೆ. ಸೆಪ್ಟೆಂಬರ್ ಕೊನೆಯಲ್ಲಿ ನ್ಯಾಯಾಧೀಶರು ಆ ಪಾಲಕತ್ವವನ್ನು ರದ್ದು ಮಾಡಿದ ದಿನವೂ ಫೋನ್ ಬಂತು. "ಒಂದು ಪ್ಯಾರಾ ಕ್ಲೋಸ್. ದುಡ್ಡಿನದ್ದು ಪೆಂಡಿಂಗ್." ಇಡುವ ಮುಂಚೆ ಸ್ವಲ್ಪ ತಡೆದು, "ಆ ಮಂಚದ ವಿಷಯ ಮಾತ್ರ ನಿಜ ಇರಬಹುದು, ಅಲ್ವಾ?" ಎಂದು ಕೇಳಿದರು. ಇರಬಹುದು ಎಂದೆ.

ಬರುವ ಚಳಿಗಾಲಕ್ಕೆ ಮತ್ತೆ ಇಬ್ಬರಿಗೂ ಟಿಕೆಟ್ ಆಗಿದೆ. ಅದೇ ಮನೆ, ಅದೇ ಸೋಫಾ. ಮನೆಮಂದಿಯೆಲ್ಲ ಕೂತು ನೋಡಬಹುದಾದ, ಎರಡು ಹನಿ ಕಣ್ಣೀರು ತರಿಸುವ, ಶುದ್ಧ ಕಟ್ಟುಕಥೆಯ ಸಿನಿಮಾ ಯಾವುದಾದರೂ ನಿಮಗೆ ಗೊತ್ತಿದ್ದರೆ ದಯವಿಟ್ಟು ನನಗೆ ತಿಳಿಸಿ. ಬೀಗರು ಮೊದಲ ಹತ್ತು ನಿಮಿಷಕ್ಕೇ ನಿದ್ದೆ ಹೋಗಲಿ.