ಕಾನೂನು ಬೇಡದ ಕಾನೂನು ಪರೀಕ್ಷೆ

"ಏನೋದ್ತಿದೀಯ ಪುಟ್ಟಿ?"

"ಕ್ಲಾಟ್‌ಗೆ, ಮಾವ. ಲಾ ಕಾಲೇಜು ಸೇರೋ ಪರೀಕ್ಷೆ. ಎರಡು ಗಂಟೇಲಿ 120 ಪ್ರಶ್ನೆ."

"ನಮ್ಮ ಗದ್ದೆ ಕೇಸಲ್ಲಿ ವಾಯಿದೆ ಕೇಳೋಕೇ ಅಷ್ಟೊತ್ತು ಬೇಕು. ಐಪಿಸಿ ಬಾಯಿಪಾಠ ಆಯ್ತಾ?"

"ಐಪಿಸಿ 2024ರ ಜುಲೈಗೇ ಹೋಯ್ತು. ಈಗ ಭಾರತೀಯ ನ್ಯಾಯ ಸಂಹಿತೆ. ಪರೀಕ್ಷೆಗೆ ಅದೂ ಬೇಡ. ನಿಯಮ ಅವರೇ ಕೊಡ್ತಾರೆ, ಓದಿ ಅನ್ವಯಿಸಿದ್ರೆ ಆಯ್ತು."

"ಕಾನೂನು ಗೊತ್ತಿಲ್ದೇ ಸೀಟಾ? ನಮ್ಮ ವಕೀಲರೂ ಹಂಗೇ ಸೇರಿರಬೇಕು."

"ತಪ್ಪುತ್ತರಕ್ಕೆ ಕಾಲು ಅಂಕ ಕಳೀತಾರೆ."

"ಅವರಿಗೆ ಆ ಕಾಟ ಇಲ್ಲ. ಸೋತ್ರೂ ಫೀಸು ಪೂರ್ತಿ."

(ಮಾವನ ಕಂಕುಳಲ್ಲಿ ಫೈಲು. ಅಂಚು ಹರಿದಿದೆ, ದಾರ ಮಾತ್ರ ಹೊಸದು.)

"ಇದೇನು, ಲೆಕ್ಕಾನೂ ಇದೆ?"

"ಹತ್ತನೇ ಕ್ಲಾಸಿಂದು. ಅನುಪಾತ, ಶೇಕಡಾವಾರು."

"ಅದು ಚೆನ್ನಾಗಿ ಕಲಿ, ಫೀಸಿಗೆ ಬೇಕು. ನಾಗರಬಾವಿ ಲಾ ಸ್ಕೂಲಲ್ಲಿ ಐದು ವರ್ಷ ಓದಿ ನಮ್ಮ ಕೇಸು ತಗೋ."

"ಅಷ್ಟರಲ್ಲಿ ಮುಗಿದು ಹೋದ್ರೆ?"

"ಛೆ, ಬಿಡ್ತು ಅನ್ನು!"