ಪಾತ್ರಗಳೆಲ್ಲ ಹಾಜರು, ಕಾದಂಬರಿ ಗೈರು

ಮದುವೆ ಕರೆಯೋಲೆ ಕೈಗೆ ಬಂದರೆ ಎಲ್ಲರೂ ಮುಹೂರ್ತ ನೋಡುತ್ತಾರೆ, ಛತ್ರ ಎಲ್ಲಿ ಎಂದು ನೋಡುತ್ತಾರೆ. ಅನುಭವಸ್ಥರಾದರೆ ಆರತಕ್ಷತೆ ಹಿಂದಿನ ದಿನವೋ ಅವತ್ತೇ ಸಂಜೆಯೋ ಎಂದು ನೋಡುತ್ತಾರೆ. ಯಲಹಂಕ ಉಪನಗರದ ನಮ್ಮ ಕಾದಂಬರಿ ರಾಯರು ಮಾತ್ರ ವಧೂವರರನ್ನು ದಾಟಿ ಸೀದಾ ಕೆಳಗಿಳಿದು, ಸುಖಾಗಮನ ಬಯಸುವ ಸಣ್ಣಕ್ಷರದ ಬಂಧುಬಳಗಕ್ಕೆ ಭೂತಗನ್ನಡಿ ಹಿಡಿಯುತ್ತಾರೆ. ಅಲ್ಲೊಬ್ಬ ಲಚ್ಚಮ್ಮನೋ ಚನ್ನಿಗರಾಯಪ್ಪನೋ ಸಿಕ್ಕಿದರೆ ಅವತ್ತು ಹಬ್ಬ. ಛತ್ರದಲ್ಲಿ ಅವರನ್ನು ಹುಡುಕಿ, ಹೆಸರಿಟ್ಟವರು ಯಾರು, ಮನೆಯಲ್ಲಿ ಏನಂತ ಕೂಗುತ್ತಾರೆ ಎಂದೆಲ್ಲ ವಿಚಾರಿಸಿ, ಜೇಬಿನ ಚೀಟಿಯಲ್ಲಿ ಗುರುತು ಮಾಡಿಕೊಂಡ ಮೇಲೆಯೇ ಅವರು ಎಲೆ ಮುಂದೆ ಕೂರುವುದು.

ರಾಯರು ಕಾದಂಬರಿ ಬರೆಯುತ್ತಿದ್ದಾರೆ. ನಾವು ಈ ಬಡಾವಣೆಗೆ ಬಂದಾಗಲೂ ಬರೆಯುತ್ತಿದ್ದರು. ಹಳಬರು ಇವತ್ತಿಗೂ ‘ವೀಲ್ ಅಂಡ್ ಆಕ್ಸಲ್’ ಎಂದೇ ಕರೆಯುವ ಇಲ್ಲಿನ ರೈಲು ಗಾಲಿ ಕಾರ್ಖಾನೆಯ ಟೈಮ್ ಆಫೀಸಿನಲ್ಲಿದ್ದು ನಿವೃತ್ತರಾದವರು. ನೌಕರಿಯುದ್ದಕ್ಕೂ ಮಾಡಿದ್ದು ಹೆಸರಿನ ಮುಂದೆ ಹಾಜರಿ ಹಾಕುವ ಕೆಲಸ. ಹಾಗಾಗಿ ಕಾದಂಬರಿಯನ್ನೂ ಮಸ್ಟರ್ ರೋಲಿನಿಂದಲೇ ಶುರು ಮಾಡಿದರು. ಉದ್ದನೆಯ ಲೆಕ್ಕದ ಪುಸ್ತಕ, ಬೆನ್ನಿಗೆ ಕೆಂಪು ಬಟ್ಟೆಯ ಬೈಂಡು. ಎಡಗಡೆ ಕ್ರಮಸಂಖ್ಯೆ, ಆಮೇಲೆ ಪಾತ್ರದ ಹೆಸರು, ಹುಟ್ಟಿದ ಇಸವಿ, ಊರು, ಮನೆಯಲ್ಲಿ ಕರೆಯುವ ಹೆಸರು, ಕೊನೆಗೆ ಷರಾ. ನಾಯಕಿಯ ಸೋದರಮಾವನ ಮನೆಯ ಎಮ್ಮೆಗೂ ಅದರಲ್ಲಿ ಕ್ರಮಸಂಖ್ಯೆ ಉಂಟು. ಷರಾದ ಕಾಲಮ್ಮಿನಲ್ಲಿ ‘ಪರಿಶೀಲನೆಯಲ್ಲಿದೆ’, ‘ತಾತ್ಕಾಲಿಕ’, ‘ಬೀಗರ ಆಕ್ಷೇಪಣೆಯ ಮೇರೆಗೆ ರದ್ದು’ ಎಂದೆಲ್ಲ ಕೆಂಪು ಶಾಯಿಯಲ್ಲಿದೆ. ಕಥೆ ಎಲ್ಲಿ ಎಂದು ಕೇಳಬಾರದು. ಸಿಬ್ಬಂದಿ ಭರ್ತಿಯಾಗದೆ ಯಾರಾದರೂ ಮಷೀನು ಚಾಲೂ ಮಾಡುತ್ತಾರೆಯೇ?

ಕಾದಂಬರಿ ಮೂರು ತಲೆಮಾರಿನದು. ಅಜ್ಜಿ, ಮಗಳು, ಮೊಮ್ಮಗಳು. ಹೆಸರು ಕೇಳಿದರೆ ಹುಟ್ಟಿದ ಇಸವಿ ತಿಳಿಯಬೇಕು ಎನ್ನುವುದು ರಾಯರ ಮೊದಲ ಸೂತ್ರ. ಪಾರ್ಕಿನ ಬೆಂಚಿನಲ್ಲಿ ಕೂತು ಪರೀಕ್ಷೆಗೂ ಸಿದ್ಧ. “ನಾಗರತ್ನ, ಸರೋಜ, ಜಯಲಕ್ಷ್ಮಿ ಅನ್ನಿ, ಸ್ವಾತಂತ್ರ್ಯದ ಆಚೀಚೆ. ಕಲ್ಪನಾ, ಆರತಿ, ಭಾರತಿ ಅಂದ್ರೆ ಅವರಪ್ಪ ಮ್ಯಾಟಿನಿಗೆ ಹೋಗ್ತಿದ್ದ. ಅಡ್ಡಹೆಸರು ರಾಮಾಚಾರಿ ಅಂತಿದ್ರೆ 1972ರಲ್ಲಿ ‘ನಾಗರಹಾವು’ ಬಂದ ಮೇಲೆ ಪುಂಡಾಟ ಕಲಿತವನು. ವಿಹಾನ್, ಕಿಯಾನ್ ಅಂದ್ರೆ ಅಪಾರ್ಟ್‌ಮೆಂಟು.”

ಇಷ್ಟರಮಟ್ಟಿಗೆ ರಾಯರು ಹೇಳುವುದು ಸರಿ ಎಂದೇ ನನ್ನ ಅಭಿಪ್ರಾಯ. ಹುಟ್ಟಿದ ಮಕ್ಕಳು ಉಳಿಯದ ಮನೆಯಲ್ಲಿ, ಹೊಸ ಕೂಸನ್ನು ತಿಪ್ಪೆಯ ಮೇಲೆ ಮಲಗಿಸಿ ಎತ್ತಿಕೊಂಡು ತಿಪ್ಪಯ್ಯ, ತಿಪ್ಪಮ್ಮ ಎಂದು ಹೆಸರಿಡುತ್ತಿದ್ದರಲ್ಲ, ಆ ಒಂದು ಹೆಸರಿನಲ್ಲಿ ಅರ್ಧ ಕಾದಂಬರಿ ಇದೆ. ಉಳಿದರ್ಧ ಬರೆಯುವವನು ಬರೆಯಬೇಕು. ತೊಡಕು ಇರುವುದು ಅಲ್ಲೇ.

ದೊಡ್ಡವರು ಇಟ್ಟ ಹೆಸರುಗಳ ಮೇಲೆ ಅವರಿಗೆ ಭಕ್ತಿ, ಜೊತೆಗೆ ಒಂದಿಷ್ಟು ಹೊಟ್ಟೆಯುರಿ. ‘ಮಲೆಗಳಲ್ಲಿ ಮದುಮಗಳು’ ಕಾದಂಬರಿಯ ಗುತ್ತಿಯ ನಾಯಿ ಹುಲಿಯನ ಮಾತು ಬಂದರೆ ಕೈಮುಗಿಯುತ್ತಾರೆ. “ನಾಯಿಗೆ ಹುಲಿಯ ಅಂತಿಡೋಕೆ ಕುವೆಂಪು ಅವರೇ ಹುಟ್ಟಬೇಕು ಸಾರ್!” ತೇಜಸ್ವಿಯವರ ‘ಕರ್ವಾಲೊ’ದ ಬಿರಿಯಾನಿ ಕರಿಯಪ್ಪನನ್ನು ನೆನೆದರೆ ನಿಟ್ಟುಸಿರು. “ಕರಿಯಪ್ಪ ಅನ್ನೋರು ಕೊಡಗಿನಿಂದ ಕೋಲಾರದವರೆಗೂ ಇದಾರೆ. ಮುಂದೆ ಒಂದು ಬಿರಿಯಾನಿ ಇಟ್ಟರು ನೋಡಿ, ಮನುಷ್ಯ ಎದ್ದು ಬಂದ.” ಆ ಉತ್ಸಾಹದಲ್ಲಿ ತಮ್ಮ ಮಸ್ಟರಿನಲ್ಲೂ ಒಬ್ಬ ‘ಚಿತ್ರಾನ್ನದ ಶಾಮಣ್ಣ’ನನ್ನು ಸೇರಿಸಿದ್ದರು. ಆತ ಎದ್ದು ಬರಲಿಲ್ಲ.

ಎರಡನೆಯ ಸೂತ್ರ, ಹೆಸರು ಕೂಗಿದರೆ ಬೀದಿಯ ಕೊನೆಗೆ ಕೇಳಬೇಕು. ಇದಕ್ಕೆ ಪ್ರಯೋಗ ನಡೆಯುವುದು ತಾರಸಿಯಲ್ಲಿ, ಬೆಳಿಗ್ಗೆ ಕಾಫಿಯ ನಂತರ. ನೀರಿನ ಟ್ಯಾಂಕಿಗೆ ಒಂದು ಕೈ ಆನಿಸಿಕೊಂಡು, ಲುಂಗಿ ಸರಿಮಾಡಿಕೊಂಡು, “ಪುಟ್ಟಸ್ವಾಮೀ...” ಎಂದು ರಾಗವಾಗಿ ಕರೆಯುತ್ತಾರೆ. ಒಮ್ಮೆ ಹಳೇ ಪೇಪರಿನವನು ಗಾಡಿ ನಿಲ್ಲಿಸಿ, “ಬಂದೆ ಸಾಮಿ, ಎಷ್ಟು ಕೇಜಿ ಐತೆ?” ಎಂದ. ಅವನ ಹೆಸರು ನಿಜಕ್ಕೂ ಪುಟ್ಟಸ್ವಾಮಿ. ಅಡುಗೆಮನೆಯಿಂದ ಅಮ್ಮನವರ ದನಿ: “ರೀ, ಕರೆದಿದ್ದೀರಲ್ಲ, ಆ ಪುಸ್ತಕವನ್ನೇ ಹಾಕಿ ಕಳಿಸಿ.”

ನಾಯಕನ ಹೆಸರು ಒಂದು ಕಾಲಕ್ಕೆ ಗಟ್ಟಿಯಾಗಿತ್ತು. ಹೆಬ್ಬಾಳದಲ್ಲಿ ಸಿಕ್ಕ, ಕ್ರಿ.ಶ. 750ರ ಸುಮಾರಿನ ವೀರಗಲ್ಲಿನ ಕಿತ್ತಯ್ಯ. ಗಂಗರ ಶ್ರೀಪುರುಷನ ಕಾಲದಲ್ಲಿ ಕಾದಿ ಸತ್ತವನು. ಹನ್ನೆರಡು ಶತಮಾನ ಕಲ್ಲಿನ ಮೇಲೆ ಬಾಳಿದ ಹೆಸರು ತಮ್ಮ ಹಾಳೆಯ ಮೇಲೂ ಬಾಳೀತು ಎಂದು ರಾಯರ ನಂಬಿಕೆ. ಮಗ ಒಂದೇ ಮಾತಿನಲ್ಲಿ ಕೆಡಿಸಿದ: “ಎರಡನೇ ಪುಟಕ್ಕೇ ಕಿಟ್ಟಿ ಅಂತಾರಪ್ಪ.” ಕೈಲಾಸಂ ‘ಪೋಲಿ ಕಿಟ್ಟಿ’ ಬರೆದಾದ ಮೇಲೆ ಕಿಟ್ಟಿ ಎಂಬ ವೀರನನ್ನು ಯಾರು ನಂಬುತ್ತಾರೆ? ಅಂದಿನಿಂದ ಮೂರನೆಯ ಸೂತ್ರ ಜಾರಿಗೆ ಬಂತು: ಮೊಟಕಾಗುವ ಹೆಸರು ಬೇಡ. ಇದಕ್ಕೆ ಅವರ ದೃಷ್ಟಾಂತ, ಭಾವಮೈದುನನ ಮನೆಯಿರುವ ಆರ್‌.ಟಿ. ನಗರ. “ನೊಬೆಲ್ ಬಂದ ಕವಿ ಸಾರ್, ರವೀಂದ್ರನಾಥ ಟ್ಯಾಗೋರರು. ಅವರನ್ನೇ ಎರಡು ಅಕ್ಷರಕ್ಕೆ ಇಳಿಸಿದ ಊರಿದು. ನನ್ನ ಕಿತ್ತಯ್ಯನ ಗತಿ ಏನು?”

ಖಳನಾಯಕನದು ಇನ್ನೂ ದೊಡ್ಡ ತಾಪತ್ರಯ. ಕನ್ನಡದಲ್ಲಿ ಒಂದು ಹೆಸರು ಬಾಯಿಬಿಟ್ಟರೆ ಜಾತಿ, ಜಿಲ್ಲೆ, ಕೆಲವೊಮ್ಮೆ ಅಡುಗೆಯ ಎಣ್ಣೆ ಕೂಡ ಗೊತ್ತಾಗುತ್ತದೆ. ಗೌಡ ಎಂದಿಟ್ಟರೆ ಹಾಲಿನವನು ಮಾತು ಬಿಡುತ್ತಾನೆ. ಶೆಟ್ಟಿ ಎಂದರೆ ಹೋಟೆಲಿನಲ್ಲಿ ಕಾಫಿ ತೆಳ್ಳಗಾಗುತ್ತದೆ. ರಾವ್ ಎಂದಿಟ್ಟರೆ ಮನೆಯೊಳಗೇ ಊಟಕ್ಕೆ ಸಂಚಕಾರ. ಉತ್ತರ ಕರ್ನಾಟಕದ ಕಡೆ ಹೋಗೋಣ, ಅಲ್ಲಿ ಮೆಣಸಿನಕಾಯಿ, ಉಳ್ಳಾಗಡ್ಡಿ ಎಂಬ ಸೊಗಸಾದ ಅಡ್ಡಹೆಸರುಗಳಿವೆ ಎಂದುಕೊಂಡರೆ, ಸೊಸೆಯ ತವರು ಧಾರವಾಡ. “ಮಾವಾರ, ಕೆಟ್ಟ ಮಂದಿ ಎಲ್ಲಾ ನಮ್ಮ ಕಡೆಯವರೇ ಏನ್ರಿ?” ಎಂದು ಆಕೆ ಕೇಳಿದ ದಿನ ಆ ಪುಟವೂ ರದ್ದಾಯಿತು. ಕೊನೆಗೆ ರಾಯರು ಮಹಾಭಾರತಕ್ಕೆ ಹೋಗಿ, ಪರೀಕ್ಷಿತನನ್ನು ಕಚ್ಚಿದ ತಕ್ಷಕನನ್ನು ಹಿಡಿದು ತಂದರು. ತಕ್ಷಕ! ಯಾವ ಸಂಘದವರೂ ಪ್ರತಿಭಟನೆಗೆ ಬರುವಂತಿಲ್ಲ. ಷರಾದಲ್ಲಿ ಮೊದಲ ಸಲ ‘ಖಾಯಂ’ ಎಂದು ಬಿತ್ತು.

ಇನ್ನು ಊರು. ಅನಂತಮೂರ್ತಿಯವರಿಗೆ ದೂರ್ವಾಸಪುರ, ತೇಜಸ್ವಿಯವರಿಗೆ ಕೆಸರೂರು, ಕಂಬಾರರಿಗೆ ಶಿವಾಪುರ. ರಾಯರಿಗೂ ಒಂದು ಊರು ಬೇಕು, ಅದು ಎಲ್ಲೂ ಇರಬಾರದು. ಬೆಂಗಳೂರಿನ ಉತ್ತರಕ್ಕೆ ಕೂತು ಇದು ಸುಲಭವಲ್ಲ. ಹಳ್ಳಿ, ಸಂದ್ರ, ಕುಂಟೆ, ಪಾಳ್ಯ ಯಾವುದನ್ನೇ ಬಾಲಕ್ಕೆ ಅಂಟಿಸಿದರೂ ಅಲ್ಲಿ ಆಗಲೇ ಯಾರೋ ಸೈಟು ಮಾರುತ್ತಿರುತ್ತಾರೆ. ಪರೀಕ್ಷೆಗೆಂದು ಬಸ್ಸು ಹತ್ತಿ, “ಒಂದು ಮುತ್ತುಗದಕುಂಟೆ ಕೊಡಪ್ಪ” ಎಂದು ಕೈ ಚಾಚಿದರೆ ಕಂಡಕ್ಟರು ತಲೆಯೆತ್ತದೆ, “ಈ ಬಸ್ಸು ಹೋಗಲ್ಲ. ರಾಜಾನುಕುಂಟೆಲಿ ಇಳಿದು ಆಟೊ ಹಿಡೀರಿ” ಎನ್ನುತ್ತಾನೆ. ಆ ಊರು ಅಲ್ಲಿದೆಯೋ ಅವನೂ ಒಬ್ಬ ಕಾದಂಬರಿಕಾರನೋ, ದೇವರೇ ಬಲ್ಲ.

ಮಾಲ್ಗುಡಿಯ ಕಥೆ ರಾಯರಿಗೆ ಕಂಠಪಾಠ. ಅಜ್ಜಿ ನೋಡಿಕೊಟ್ಟ ಒಳ್ಳೆಯ ದಿನ, ಇದೇ ಬೆಂಗಳೂರಿನಲ್ಲಿ, ಆರ್‌.ಕೆ. ನಾರಾಯಣ್ ಒಂದು ನೋಟ್‌ಪುಸ್ತಕ ಕೊಂಡು ಕೂತರು. ಪೆನ್ನು ಕಚ್ಚುತ್ತ ಯೋಚಿಸುತ್ತಿದ್ದಾಗ ರೈಲ್ವೆ ಸ್ಟೇಷನ್ನಿನ ಸಮೇತ ಮಾಲ್ಗುಡಿ ಕಣ್ಣೆದುರು ತೇಲಿ ಬಂತು. ‘ಸ್ವಾಮಿ ಅಂಡ್ ಫ್ರೆಂಡ್ಸ್’ 1935ರಲ್ಲಿ ಅಚ್ಚಾಯಿತು. ಮಲ್ಲೇಶ್ವರ, ಬಸವನಗುಡಿ ಸೇರಿ ಮಾಲ್ಗುಡಿ ಎಂದು ಹೇಳುವವರು ಹೇಳುತ್ತಲೇ ಇದ್ದಾರೆ. ಲೇಖಕರು ತಮ್ಮ ‘ಮೈ ಡೇಸ್’ನಲ್ಲಿ ಹೇಳಿದ್ದು ತೇಲಿ ಬಂದ ಕಥೆಯನ್ನೇ. ರಾಯರನ್ನು ಕಾಡುವುದು ಬೇರೆ ವಿಷಯ. ಶಂಕರ್‌ನಾಗ್ ಆ ಊರನ್ನು ಆಗುಂಬೆಯಲ್ಲಿ ಕಟ್ಟಿ ತೋರಿಸಿದರು, ಹೋಗಲಿ. ಯಲಹಂಕದಿಂದ ಮೈಸೂರಿಗೆ ಹೋಗುವ ಗಾಡಿಗೆ ರೈಲ್ವೆಯವರು ಮಾಲ್ಗುಡಿ ಎಕ್ಸ್‌ಪ್ರೆಸ್ ಎಂದೇ ಹೆಸರಿಟ್ಟಿದ್ದಾರೆ! “ಇಲ್ಲದ ಊರಿನ ಹೆಸರಲ್ಲಿ ರೈಲು ಸಾರ್. ಅದರ ಗಾಲಿ ನಮ್ಮ ಪ್ಲಾಂಟಿಂದೇ ಹೋಗಿರಬಹುದು.” ಇಷ್ಟು ಹೇಳಿ ರಾಯರು ಸ್ವಲ್ಪ ಹೊತ್ತು ಸುಮ್ಮನಾಗುತ್ತಾರೆ. ಗಾಲಿಯಂತೂ ಸಿದ್ಧ, ಊರೊಂದು ಆಗಬೇಕಷ್ಟೆ.

ಇಷ್ಟೊಂದು ಹೆಸರು ಒಂದೇ ಮನೆಯಲ್ಲಿ ಬಿದ್ದಿದೆ ಎಂದು ಬಡಾವಣೆಗೆ ಗೊತ್ತಾಗದೆ ಇರುತ್ತದೆಯೇ? ಮೊದಲು ಬಂದವರು ಎರಡನೇ ಕ್ರಾಸಿನವರು, ಮೊಮ್ಮಗಳಿಗೆ ಹೆಸರು ಬೇಕಿತ್ತು. ರಾಯರು ದಾಕ್ಷಿಣ್ಯಕ್ಕೆ ಬಿದ್ದು ಮೂರನೇ ತಲೆಮಾರಿನ ನಾಯಕಿ ಇಬ್ಬನಿಯನ್ನು ಬಿಟ್ಟುಕೊಟ್ಟರು. ‘ವರ್ಗಾವಣೆ’ ಎಂದು ಷರಾ ಬಿತ್ತು. ಆಮೇಲೆ ಸಾಲು ಹಚ್ಚಿತು. ನಾಯಕಿಯ ಅಜ್ಜಿ ಸಹಕಾರನಗರದಲ್ಲೊಂದು ಹೋಳಿಗೆ ಅಂಗಡಿಯ ಬೋರ್ಡಿಗೆ ಏರಿದಳು. ಕಂಡಕ್ಟರು ಬಲ್ಲ ಮುತ್ತುಗದಕುಂಟೆ, ಕುಂಟೆ ಕಳೆದುಕೊಂಡು ಯಾರದೋ ಫಾರ್ಮ್‌ಹೌಸ್ ಆಯಿತು. ಸಾಹಿತ್ಯ ಪ್ರಶಸ್ತಿ ಬಂದವರ ಮನೆಗೂ ಇಷ್ಟು ಸಿಹಿ ಡಬ್ಬಿ ಬರುವುದಿಲ್ಲ.

ಹೋದ ತಿಂಗಳು ಜಕ್ಕೂರು ಕಡೆಯಿಂದ ಸಾಫ್ಟ್‌ವೇರ್ ಗಂಡಹೆಂಡತಿ ಬಂದರು. ಗಂಡುಮಗು, ಸ್ವಾತಿ ನಾಲ್ಕನೇ ಪಾದ, ‘ತ’ ಅಕ್ಷರವೇ ಬರಬೇಕು. ರಾಯರು ಕನ್ನಡಕ ಹುಡುಕುವಷ್ಟರಲ್ಲಿ ಹುಡುಗಿ ಮಸ್ಟರ್ ತಿರುವಿ ತಾನೇ ಬೆರಳಿಟ್ಟಳು. “ತಕ್ಷಕ್! ಅಂಕಲ್, ಸೋ ಯುನೀಕ್.” ರಾಯರು ಪರೀಕ್ಷಿತನ ಕಥೆ ಹೇಳಲು ಬಾಯಿ ತೆರೆದರು. ಗಂಡ ಆಗಲೇ ಅವರ ಕಾಲಿಗೆ ಬಿದ್ದಿದ್ದ. ನಾಮಕರಣದ ದಿನ ಇವರನ್ನೇ ಮಣೆಯ ಮೇಲೆ ಕೂರಿಸಿ, ಮಗುವಿನ ಕಿವಿಯಲ್ಲಿ ಮೂರು ಸಲ ಆ ಹೆಸರನ್ನು ಹೇಳಿಸಿದರಂತೆ.

ಮೊನ್ನೆ ಪಾರ್ಕಿನಲ್ಲಿ ಸಿಕ್ಕಾಗ ರಾಯರು ಕಳೆಗುಂದಿದ್ದರು. “ಏಳನೇ ಅಧ್ಯಾಯದಲ್ಲಿ ಅವನು ಸ್ವಂತ ಅಣ್ಣನ ಬಣವೆಗೆ ಬೆಂಕಿ ಇಡಬೇಕಿತ್ತು. ಮಗು ಮುಖ ನೋಡಿದ ಮೇಲೆ ಮನಸ್ಸು ಬರಲಿಲ್ಲ ಸಾರ್. ತೆಗೆದುಬಿಟ್ಟೆ.”

“ಅಯ್ಯೋ, ಬರೆದಾಗಿತ್ತಾ?”

“ಎಲ್ಲಿ ಸಾರ್. ಆ ಅಣ್ಣನಿಗೆ ಇನ್ನೂ ಹೆಸರೇ ಸಿಕ್ಕಿರಲಿಲ್ಲ.”