ಸಪೂರ ಪೈಪಿನ ಬಿಲ್ಡರ್ ಸಾಹೇಬರಿಗೊಂದು ಬಹಿರಂಗ ಪತ್ರ

ಮಾನ್ಯ ಬಿಲ್ಡರ್ ಸಾಹೇಬರೇ,

ಇಂಗ್ಲೆಂಡಿನಲ್ಲಿ ಮನೆ ಕಟ್ಟಿ ಮಾರುವ ತಮಗೆ ಕನ್ನಡ ಬಾರದೆಂಬ ಧೈರ್ಯದಿಂದಲೇ ಈ ಪತ್ರ. ಸಾಲ ಮಾಡಿ ಇಂಥ ಹೊಸ ಮನೆ ಕೊಳ್ಳುವ ನಮ್ಮವರು ಇಲ್ಲಿ ಬೇಕಾದಷ್ಟಿದ್ದಾರೆ. ತಮ್ಮ ಗುಣಗಾನವನ್ನು ಅವರೂ ಕೇಳಲಿ.

ಅಡುಗೆಮನೆಯ ಕಲ್ಲು, ಕಿಟಕಿಯ ಗಾಜು ಇವನ್ನೆಲ್ಲ ಬಂದವರೆಲ್ಲ ಹೊಗಳುತ್ತಾರೆ. ಮಹಡಿಯ ಕಪಾಟಿನಲ್ಲಿ ನಿಂತ ಬಿಸಿನೀರಿನ ಸಿಲಿಂಡರಿನಿಂದ ಹೊರಟು, ಆರು ಕಡೆ ಸೊಂಟ ಬಳುಕಿಸಿ, ಗೋಡೆ ದಾಟುವ ಆ ಸಪೂರ ತಾಮ್ರದ ಪೈಪನ್ನು ಹೊಗಳುವವರು ಯಾರು? ಆ ಕೆಲಸ ನನ್ನ ಪಾಲಿಗಿರಲಿ.

ನಮ್ಮೂರ ಬಚ್ಚಲ ಹಂಡೆಯ ಬಾಯಿ ತೆರೆದೇ ಇರುತ್ತಿತ್ತು. ಎಷ್ಟೇ ಉರಿ ಹಾಕಿದರೂ ಆವಿ ಹೆಂಚಿನತ್ತ ಹೋಗುತ್ತಿತ್ತು, ಯಾರ ಮೇಲೂ ಹಾಯುತ್ತಿರಲಿಲ್ಲ. ಬ್ರಿಟನ್ನಿನ ಹಳೆಯ ಏರ್ಪಾಡೂ ಅದೇ ಜಾತಿಯದು: ಅಟ್ಟದಲ್ಲೊಂದು ತೊಟ್ಟಿ, ಅದರ ಮೇಲೆ ಬಾಗಿ ನಿಂತ ತೆರೆದ ಪೈಪು. ಬಾಯಿ ಮುಚ್ಚಿದ ಸಿಲಿಂಡರಿಗೆ ಒಪ್ಪಿಗೆ ಸಿಕ್ಕಿದ್ದು 1985ರ ಕಟ್ಟಡ ನಿಯಮಗಳಲ್ಲಿ. ಬೀದಿ ಕೊಳಾಯಿಯ ಒತ್ತಡವೇ ಶವರಿಗೆ ಬಂತು, ಎಲ್ಲರಿಗೂ ಖುಷಿ. ಆದರೆ ಥರ್ಮೋಸ್ಟಾಟ್ ಕೆಟ್ಟರೆ? ಕಾಯಿಸುವುದನ್ನೇ ನಿಲ್ಲಿಸುವ ಕಟ್‌ಔಟ್ ಇದೆ. ಅದೂ ಕೈಕೊಟ್ಟರೆ? 90–95 ಡಿಗ್ರಿಯ ಹೊತ್ತಿಗೆ ತೆರೆದುಕೊಳ್ಳುವ ವಾಲ್ವ್ ಇದೆ. ಒತ್ತಡದಲ್ಲಿರುವ ನೀರು 100 ಡಿಗ್ರಿ ದಾಟಿದರೂ ಕುದಿಯದೆ ಸುಮ್ಮನಿರುತ್ತದೆ. ಸಿಲಿಂಡರ್ ಸೀಳಿತೋ, ಅದರಲ್ಲೊಂದು ಪಾಲು ತಟ್ಟನೆ ಆವಿಯಾಗುತ್ತದೆ. ನೀರು ಆವಿಯಾದರೆ ಹಿಗ್ಗುವುದು ಸುಮಾರು 1,600 ಪಟ್ಟು. ಇದಾಗಬಾರದೆಂದೇ ವಾಲ್ವ್, ವಾಲ್ವ್ ಬಿಟ್ಟ ನೀರು ಹೊರಗೆ ಹೋಗಲೆಂದೇ ಪೈಪು.

ಅಪ್ರೂವ್ಡ್ ಡಾಕ್ಯುಮೆಂಟ್ ಜಿ ಎಂಬ ಅರಸಿಕ ಸರ್ಕಾರಿ ಪುಸ್ತಕವೊಂದಿದೆ. ವಾಲ್ವಿನ ಬಾಯಿ ಅರ್ಧ ಇಂಚಿನದಾದರೆ, ಟಂಡಿಶ್ ಎಂಬ ತೆರೆದ ಆಲಿಕೆಯವರೆಗೆ 15 ಮಿ.ಮೀ. ಪೈಪು, ಅಲ್ಲಿಂದಾಚೆ ಕನಿಷ್ಠ 22 ಎನ್ನುತ್ತದೆ ಅದು. ಆ 22 ನಡೆಯುವುದು 9 ಮೀಟರಿನವರೆಗೆ, ಅದೂ ನೆಟ್ಟಗಿದ್ದರೆ. ಒಂದೊಂದು ಎಲ್ಬೋಗೂ 0.8 ಮೀಟರ್ ಕಳೆಯಬೇಕಂತೆ. ನಮ್ಮ ಮನೆಯ ಆರು ಬಳುಕಿಗೆ 4.8 ಹೋಯಿತು, ಉಳಿದದ್ದು 4.2. ತಾವು ಕೊಟ್ಟಿರುವುದು 7 ಮೀಟರ್! ಕರ್ಣನ ವಂಶದವರಿರಬೇಕು. 28ರ ಪೈಪು ಹಾಕಿದ್ದರೆ 18 ಮೀಟರಿನ ಲೆಕ್ಕ. ಎಲ್ಬೋಗೆ ಒಂದೊಂದು ಮೀಟರ್ ಕಳೆದರೂ 12 ಉಳಿಯುತ್ತಿತ್ತು. ಆದರೆ ದಪ್ಪ ಪೈಪಿನಲ್ಲಿ ಲಾವಣ್ಯವೆಲ್ಲಿ, ಅಲ್ಲವೇ?

ಟಂಡಿಶ್ ಕೆಳಗೆ 300 ಮಿ.ಮೀ. ನೆಟ್ಟಗೆ ಇಳಿದ ಮೇಲಷ್ಟೇ ತಿರುಗಬೇಕೆಂದೂ ಆ ಪುಸ್ತಕ ಹಟ ಹಿಡಿಯುತ್ತದೆ. ನಮ್ಮದು ಅಂಗೈ ಅಗಲ ಇಳಿದೊಡನೆ ತಿರುಗಿದೆ. 200ಕ್ಕೆ 1ರಂತೆ, ಅಂದರೆ ಮೀಟರಿಗೆ 5 ಮಿ.ಮೀ. ಇಳಿಜಾರು ಬೇಕಂತೆ, ನಮ್ಮದು ತೊಲೆಯೊಂದನ್ನು ದಾಟಲು ಕೊಂಚ ಮೇಲೇರಿದೆ. ತಮ್ಮ ಮೇಲಿನ ಗೌರವದಿಂದ ಬಿಸಿನೀರು ಹತ್ತುತ್ತದೆಂದು ನಂಬಿದ್ದೇನೆ. ಹತ್ತದಿದ್ದರೆ ಆಲಿಕೆಯಿಂದಲೇ ಉಕ್ಕಿ ಕಪಾಟಿಗೆ ಬೀಳುತ್ತದೆ. ಅಲ್ಲಿ ನಾವು ಟವೆಲ್ ಇಟ್ಟಿದ್ದೇವೆ, ಮಗು ಆಗಾಗ ತನ್ನನ್ನೇ ಬಚ್ಚಿಟ್ಟುಕೊಳ್ಳುತ್ತದೆ.

ದೂರಿದಾಗ ತಮ್ಮ ಕಡೆಯವರು ಹೇಳಿದ್ದು: ‘ಇಷ್ಟು ದಿನ ಏನೂ ಆಗಿಲ್ಲವಲ್ಲ.’ ಒಪ್ಪಿದೆ. ಥರ್ಮೋಸ್ಟಾಟ್, ಕಟ್‌ಔಟ್ ಎಂಬ ಮೊದಲಿಬ್ಬರು ಕಾವಲುಗಾರರು ಕೆಲಸ ಮಾಡುತ್ತಿರುವವರೆಗೆ ಈ ಪೈಪಿಗೆ ಪರೀಕ್ಷೆಯೇ ಇಲ್ಲ. ಅದರ ಜಾಗದಲ್ಲಿ ಹೂವಿನ ದಂಟು ಸಿಕ್ಕಿಸಿದ್ದರೂ ಯಾರಿಗೂ ಗೊತ್ತಾಗುತ್ತಿರಲಿಲ್ಲ.

ಇನ್ನು ನಮ್ಮವರಿಗೆ ಒಂದು ಮಾತು. ಕೀಲಿಕೈ ಪಡೆಯುವ ಮುನ್ನ ಕಪಾಟು ತೆರೆದು ಎಲ್ಬೋಗಳನ್ನು ಎಣಿಸಿ, ಪೈಪಿನ ದಪ್ಪ ಕೇಳಿ, ಹೊರಗೆ ಅದರ ತುದಿ ಎಲ್ಲಿದೆಯೆಂದು ನೋಡಿ. ಆಲಿಕೆಯಲ್ಲಿ ನೀರು ತೊಟ್ಟಿಕ್ಕಿದರೆ ಊರಿನ ಅಭ್ಯಾಸದಂತೆ ಬಿರಡೆ ಜಡಿಯಬೇಡಿ. ಈ ಸಿಲಿಂಡರಿನ ಕೆಲಸದಲ್ಲಿ ಅರ್ಹತೆ ಪಡೆದವರನ್ನೇ ಕರೆಸಿ.

ಸಾಹೇಬರೇ, ಗೋಡೆ ಬಿಚ್ಚಲು ನನ್ನ ಅಭ್ಯಂತರವಿಲ್ಲ. ಬರುವಾಗ 28ರ ಪೈಪು ತನ್ನಿ.

ಇತಿ ತಮ್ಮ ವಿಶ್ವಾಸಿ,
ಒಬ್ಬ ಗಿರಾಕಿ